ಅಕ್ಕಂಗೂ ಸ್ಟ್ರೆಸ್ ಇತ್ತು, ನಮ್ಗೇ ಕಾಣ್ಲಿಲ್ಲ

ನಮ್ಮನೇಲಿ ಟೆನ್ಷನ್ ಅಂದ್ರೆ ಅದು ನಂದೇ ಅಂತ ಎಲ್ರೂ ಅನ್ಕೊಂಡಿದ್ವಿ. ಬನಶಂಕರಿಯಿಂದ ಬೆಳ್ಳಂದೂರಿಗೆ ಹೋಗ್ಬೇಕು, ಸಿಲ್ಕ್ ಬೋರ್ಡ್ ಹತ್ರ ಗಾಡಿ ಅಲ್ಲಾಡಲ್ಲ, ಅಷ್ಟೊತ್ತಿಗೆ ಮ್ಯಾನೇಜರ್ ಫೋನು, ಎದೆ ಡವಡವ, ಅಂಗೈಯೆಲ್ಲಾ ಬೆವರು. ಆದ್ರೆ ಮೀಟಿಂಗ್ ಮುಗಿದು ಒಂದು ಕಾಫಿ ಕುಡಿದ್ರೆ ಇಳಿದೋಗುತ್ತೆ. ಗಾಬರಿಯಾದಾಗ ಉಕ್ಕೋ ಅಡ್ರಿನಲಿನ್ ಅನ್ನೋ ಹಾರ್ಮೋನು ಬಂತು, ಹೋಯ್ತು.

ಅಕ್ಕಂದು ಹಂಗಲ್ಲ. ಅಪ್ಪಂಗೆ ಸ್ಟ್ರೋಕ್ ಆಗಿ ಮೂರು ವರ್ಷ, ಬಲಗಡೆ ಸ್ವಾಧೀನ ಇಲ್ಲ, ಸ್ನಾನ, ಮಾತ್ರೆ, ಫಿಸಿಯೋ, ರಾತ್ರಿ ಎರಡು ಸಲ ಎಬ್ಬಿಸಿ ಬಾತ್‌ರೂಮಿಗೆ ಕರ್ಕೊಂಡೋಗೋದು, ಎಲ್ಲಾ ಅವ್ಳೇ, ಒಂದಿನಾನೂ ಗೊಣಗಿದ್ದಿಲ್ಲ. ಮೊದ್ಲು ಕೂದ್ಲು ಉದುರೋಕೆ ಶುರುವಾಯ್ತು. ಆಮೇಲೆ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಮೇಲಿಂದ ಮೇಲೆ ನೆಗಡಿ, ಹಾಲು ಒಲೆ ಮೇಲಿಟ್ಟು ಮರ್ತುಬಿಡೋದು. ಕೊನೆಗೆ ನೋಡಿದ್ರೆ ಬಿಪಿ 150/100.

ಡಾಕ್ಟ್ರು ಹೇಳಿದ್ಮೇಲೇ ಅರ್ಥ ಆಗಿದ್ದು, ಒತ್ತಡ ದಿನಾ ಇದ್ರೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಸರಿಯಾಗಿ ಇಳಿಯೋಕೆ ಪುರ್ಸೊತ್ತೇ ಸಿಗಲ್ಲ, ನಿದ್ದೆ, ನೆನಪು, ರೋಗ ತಡ್ಕೊಳ್ಳೋ ಶಕ್ತಿ ಎಲ್ಲದಕ್ಕೂ ಏಟು ಬೀಳುತ್ತೆ ಅಂತ. ಹ್ಯಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ 1936ರಲ್ಲೇ ಇಲಿಗಳಲ್ಲಿ ಇದನ್ನ ನೋಡಿದ್ರು: ಮೊದ್ಲು ದೇಹ ಬೆಚ್ಚುತ್ತೆ, ಆಮೇಲೆ ತಡ್ಕೊಳ್ಳುತ್ತೆ, ಕೊನೆಗೆ ಕುಸಿಯುತ್ತೆ. ಆ ನಡುವಿನ ಹಂತದಲ್ಲಿ ಹೊರಗಿನಿಂದ ಎಲ್ಲಾ ಸರಿ ಇರೋ ಹಂಗೇ ಕಾಣುತ್ತೆ. ನಾವು ಬಂದೋರ್ ಮುಂದೆಲ್ಲಾ "ನಮ್ಮಕ್ಕ ಗಟ್ಟಿಗಿತ್ತಿ" ಅಂತ ಹೊಗಳ್ತಿದ್ವಲ್ಲ, ಅದು ಅದೇ ಹಂತ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

1967ರಲ್ಲಿ ಹೋಮ್ಸ್ ಮತ್ತೆ ರಾಹೆ ಅನ್ನೋ ಮನೋವೈದ್ಯರು ಬದುಕಿನ 43 ಘಟನೆಗಳಿಗೆ, ಯಾವ್ದು ಎಷ್ಟು ಒತ್ತಡ ಅಂತ ಅಂಕ ಕೊಟ್ಟು ಪಟ್ಟಿ ಮಾಡಿದ್ರು, ಗಂಡ ಅಥವಾ ಹೆಂಡ್ತಿ ಸತ್ರೆ 100, ಮದುವೆಗೂ 50 (ಹೌದು, ಖುಷಿ ವಿಷಯಾನೂ ಒತ್ತಡಾನೇ), ಮನೆಯೋರ ಆರೋಗ್ಯ ಕೆಟ್ರೆ 44. ಆದ್ರೆ ಅದೇ 44 ಮೂರು ವರ್ಷ ದಿನಾ ಬಾಗ್ಲು ತಟ್ಟಿದ್ರೆ ಎಷ್ಟು ಅಂತ ಕೂಡೋದು?

ನಿಮ್ಹಾನ್ಸ್‌ಗೆ ಹೋಗೋಣ ಅಂದ್ರೆ "ನಂಗೇನು ಹುಚ್ಚಾ?" ಅಂದ್ಬಿಟ್ಳು. ಆಮೇಲೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ನಾನೇ ಫೋನ್ ಹಚ್ಚಿಕೊಟ್ಟೆ, ಕಾಸು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಬಾಲ್ಕನಿ ಬಾಗ್ಲು ಹಾಕ್ಕೊಂಡು ನಲವತ್ತು ನಿಮಿಷ ಮಾತಾಡಿದ್ಳು, ಒಳಗೆ ಬಂದಾಗ ಕಣ್ಣು ಕೆಂಪಗಿತ್ತು.

ಈಗ ಭಾನುವಾರ ಅಪ್ಪ ನನ್ನ ಪಾಲು. ಅವ್ಳು ಕೃಷ್ಣರಾವ್ ಪಾರ್ಕಲ್ಲಿ ಎರಡು ಗಂಟೆ ಕೂತು ಬರ್ತಾಳೆ. ಮೊನ್ನೆ ಬಂದೋಳು ಚಪ್ಪಲಿ ಬಿಡೋಕೆ ಮುಂಚೇನೇ ಕೇಳಿದ್ಳು, "ಹನ್ನೊಂದು ಗಂಟೆ ಮಾತ್ರೆ ಕೊಟ್ಯೇನೋ?"