ಕತ್ತಿ ರಾಣಿಯನ್ನು 'ಪಾಸಿಟಿವ್' ಮಾಡಲು ಹೋದಾಗ

ಕಾರ್ಡು ಎಳೆದು ಭವಿಷ್ಯ ನೋಡುವ ನಮ್ಮ ಟ್ಯಾರೋ ಆ್ಯಪ್‌ನ ಕಂಟೆಂಟ್ ಶೀಟ್‌ನಲ್ಲಿ 156 ಸಾಲುಗಳಿವೆ. 78 ಕಾರ್ಡು, ಒಂದೊಂದಕ್ಕೂ ಎರಡು ಅರ್ಥ: ನೆಟ್ಟಗೆ ಬಂದರೆ ಅಪ್‌ರೈಟ್, ತಲೆಕೆಳಗಾಗಿ ಬಂದರೆ ರಿವರ್ಸ್ಡ್. ನಾನು ಸೇರುವ ಮೊದಲೇ ಯಾರೋ ತುಂಬಿಸಿಟ್ಟಿದ್ದರು. ತುಂಬಿಸಿದ್ದು ಅಂದರೆ, 1909ರ ರೈಡರ್ ಡೆಕ್‌ಗೆ (ಡೆಕ್ ಅಂದರೆ ಕಾರ್ಡುಗಳ ಕಟ್ಟು) ಅದನ್ನು ರೂಪಿಸಿದ ಎ. ಇ. ವೇಟ್ ಕೊಟ್ಟ ಅರ್ಥಗಳನ್ನು ಹೆಚ್ಚುಕಮ್ಮಿ ಹಾಗೇ ಎತ್ತಿಟ್ಟಿದ್ದು. ಯಾರೂ ಓದಿ ನೋಡಿರಲಿಲ್ಲ. 'ಪ್ರಮೋಷನ್ ಬಗ್ಗೆ ಕೇಳಿದರೆ ವೈಧವ್ಯ, ಬಂಜೆತನ, ಶೋಕ ಅಂತ ಬಂತು, ಏನಿದು?' ಎಂದು ಒಬ್ಬರು ಬೈದು ರೇಟಿಂಗ್ ಇಳಿಸಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಕಾರ್ಡು ಕ್ವೀನ್ ಆಫ್ ಸ್ವೋರ್ಡ್ಸ್, ಅಂದರೆ ಕತ್ತಿ ರಾಣಿ. ಸರಿಮಾಡುವ ಟಿಕೆಟ್ ನನ್ನ ತಲೆಗೆ ಬಿತ್ತು.

ಆ ಸಾಲಿನ ಪಕ್ಕದಲ್ಲೇ ಅದೇ ಸೂಟ್‌ನ, ಅಂದರೆ ಕತ್ತಿ ಗುಂಪಿನ, ರಾಜ ಇದ್ದ. ತೀರ್ಪು, ಅಧಿಕಾರ, ಆಜ್ಞೆ, ಕಾನೂನು, ಎಲ್ಲ ಅವನದ್ದೇ. ಇಬ್ಬರ ಕೈಯಲ್ಲೂ ಕತ್ತಿ. ಅವನಿಗೆ ಹುದ್ದೆ, ಇವಳಿಗೆ ಗಂಡ ಸತ್ತ ದುಃಖ. ಕತ್ತಿ ಹಿಡಿದಿದ್ದರೂ ಇವಳನ್ನು ಅಧಿಕಾರದ ಸಂಕೇತ ಅನ್ನೋದು ಕಷ್ಟ ಎಂದು ವೇಟ್ ಬೇರೆ ಸೇರಿಸಿದ್ದಾರೆ. ತಪ್ಪು ಪೂರ್ತಿ ಅವರದ್ದೂ ಅಲ್ಲ. 18ನೇ ಶತಮಾನದ ಕೊನೆಗೆ ಪ್ಯಾರಿಸ್‌ನಲ್ಲಿ, ತನ್ನ ಸರ್‌ನೇಮ್ ಅನ್ನೇ ತಿರುಗಿಸಿ ಬರೆದು ಎಟೆಯ್ಲಾ ಅಂತ ಹೆಸರಿಟ್ಟುಕೊಂಡಿದ್ದ ಭವಿಷ್ಯಗಾರರೊಬ್ಬರು ಆಗಲೇ ಈ ರಾಣಿಯನ್ನು ವಿಧವೆ ಮಾಡಿಟ್ಟಿದ್ದರು. ಉಳಿದ ಮೂರು ಸೂಟ್‌ಗಳ ರಾಣಿಯರನ್ನು ರಿವರ್ಸ್ ಮಾಡಿ ನೋಡಿದೆ. ವಾಂಡ್ಸ್‌ನವಳಿಗೆ ಹೊಟ್ಟೆಕಿಚ್ಚು, ದಾಂಪತ್ಯದ್ರೋಹ. ಕಪ್ಸ್‌ನವಳನ್ನು ನಂಬೋ ಹಾಗಿಲ್ಲ. ಪೆಂಟಕಲ್ಸ್‌ನವಳು ಬರೀ ಅನುಮಾನ, ಭಯ. ರಾಜರೂ ರಿವರ್ಸ್ ಆದರೆ ಕೆಟ್ಟವರೇ, ಇಲ್ಲ ಅನ್ನಲ್ಲ. ಆದರೆ ಕತ್ತಿ ರಾಣಿ ನೆಟ್ಟಗೆ ಕೂತಿದ್ದಾಗಲೂ ಅಪಶಕುನ.

ಪ್ರಾಡಕ್ಟ್ ಟೀಮ್‌ನವರು ಒಂದು ಸ್ಟೈಲ್ ಗೈಡ್ ಕೊಟ್ಟರು: ಎಲ್ಲವೂ 'ಎಂಪವರಿಂಗ್' ಆಗಿರಬೇಕು. ಜೊತೆಗೆ ಟೋನ್ ಚೆಕರ್. ನೋವು, ಸಾವು, ಅಳು ಕಂಡರೆ ಕೆಂಪು ಬಳಿಯುತ್ತದೆ. ಡೆತ್ ಕಾರ್ಡ್‌ನ ಹೆಸರಿಗೇ ಕೆಂಪು ಬಳಿದಿತ್ತು, ಅಂಥ ಬುದ್ಧಿವಂತ ಟೂಲ್. ನಾನು ಕತ್ತಿ ರಾಣಿಗೆ ಹೀಗೆ ಬರೆದೆ: 'ಆತ್ಮವಿಶ್ವಾಸದ ಹೆಣ್ಣು. ಹಳೆಯದನ್ನೆಲ್ಲ ಹಿಂದೆ ಬಿಟ್ಟು ನಗುತ್ತಾ ಮುಂದೆ ಸಾಗುವವಳು.' ಚೆಕರ್ ಹಸಿರು. ನನಗೂ ದೊಡ್ಡ ಅನ್ಯಾಯ ಸರಿಪಡಿಸಿದ ಹೆಮ್ಮೆ.

ಆಮೇಲೆ ಆ್ಯಪ್ ಬಳಸುವವರ ಜೊತೆ ಟೆಸ್ಟ್ ಕಾಲ್. ಬಂದಿದ್ದವರಲ್ಲಿ ಒಬ್ಬರು ತಾವೇ ಬಹಳ ಕಾಲದಿಂದ ಕಾರ್ಡು ನೋಡುವ ಹೆಂಗಸು. ಸ್ಕ್ರೀನ್ ಶೇರ್ ಮಾಡಿ ಮೂರು ಕಾರ್ಡು ಎಳೆದರು. ನಡುವೆ ಕತ್ತಿ ರಾಣಿ. ನಾನು ಕಾಯುತ್ತಿದ್ದದ್ದೂ ಅದಕ್ಕೇ. ಅವರು ಪಠ್ಯ ಓದಿದರು. ಮೇಲಕ್ಕೆ ಸ್ಕ್ರೋಲ್ ಮಾಡಿದರು, ಕೆಳಕ್ಕೆ ಬಂದರು, ಮತ್ತೆ ಮೇಲಕ್ಕೆ. ಏನೋ ಲೋಡ್ ಆಗಿಲ್ಲ ಅಂದುಕೊಂಡೆ. 'ಬಗ್ಗಾ?' ಅಂತ ನಮ್ಮ ಟೀಮ್ ಲೀಡ್ ನನಗೆ ಪ್ರೈವೇಟ್ ಆಗಿ ಟೈಪ್ ಮಾಡಿದರು.

"ವಿಧವೆ ಅನ್ನೋದನ್ನ ತೆಗೆದುಬಿಟ್ಟಿದ್ದೀರಾ?" ಅಂತ ಆಕೆ ಕೇಳಿದರು.

ಹೌದು, ಅದು ನೆಗೆಟಿವ್ ಆಗಿತ್ತು, ಸರಿಮಾಡಿದ್ದೀವಿ ಅಂದೆ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

"ನಮ್ಮ ಯಜಮಾನರು ಹೋದಮೇಲೆ ಇದೇ ನನ್ನ ಸಿಗ್ನಿಫಿಕೇಟರ್, ನನ್ನನ್ನ ಸೂಚಿಸೋ ಕಾರ್ಡು. ನೀವು ನೆಗೆಟಿವ್ ಅಂತ ತೆಗೆದದ್ದು ನನ್ನನ್ನೇ ಅಲ್ವಾ?"

ಕಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ. ಸುಮ್ನೆ ಇದ್ದಿದ್ದರೂ ಆಗುತ್ತಿತ್ತು. ನಾನು ಟೋನ್ ಚೆಕರ್ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಲು ಶುರುಮಾಡಿದೆ. ಗೈಡ್‌ನ ಮೂರನೇ ಪಾಯಿಂಟ್ ಓದಿಯೂ ಹೇಳಿದೆ. ಲೀಡ್ ಅನ್‌ಮ್ಯೂಟ್ ಆಗಿ "ಫೀಡ್‌ಬ್ಯಾಕ್ ನೋಟ್ ಮಾಡ್ಕೊಂಡಿದ್ದೀವಿ" ಅಂದು ಮತ್ತೆ ಮ್ಯೂಟ್ ಆದರು. ಇಬ್ಬರಲ್ಲಿ ಯಾರು ಹೆಚ್ಚು ಹಾಳುಮಾಡಿದೆವೋ ಈಗಲೂ ಹೇಳಲಾರೆ.

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಕಾರ್ಡನ್ನು ದೊಡ್ಡದು ಮಾಡಿ ತೋರಿಸಿದರು. ರಾಣಿ ಪಕ್ಕಕ್ಕೆ ಮುಖ ಮಾಡಿ ಕೂತಿದ್ದಾಳೆ. ಬಲಗೈಯಲ್ಲಿ ಕತ್ತಿ ನೆಟ್ಟಗೆ ನಿಂತಿದೆ. ಕಿರೀಟದಲ್ಲಿ ಚಿಟ್ಟೆಗಳು, ಮೋಡದ ಮೇಲೆ ಒಂದೇ ಒಂದು ಹಕ್ಕಿ. ಎಡಗೈ ಮುಂದಕ್ಕೆ ಚಾಚಿದೆ. "ಈ ಕೈ ನೋಡಿ. ಬಾ, ಹೇಳು ಅಂತಿದೆ. ಸುಳ್ಳು ಹೇಳಿದರೆ ಪಕ್ಕದಲ್ಲೇ ಕತ್ತಿ ಇದೆ" ಎಂದು ನಕ್ಕರು. ದುಃಖ ಅಂತ ಬರೆದರೆ ಅವರಿಗೆ ಬೇಜಾರಿಲ್ಲವಂತೆ. ದುಃಖ ಅಂತ ಬರೆದು ಅಲ್ಲಿಗೇ ನಿಲ್ಲಿಸುತ್ತಾರಲ್ಲ, ತಕರಾರು ಅದಕ್ಕೆ. ನಾನೋ ಆ ದುಃಖವನ್ನೂ ಕಿತ್ತುಕೊಂಡು ಅವಳ ಕೈಗೆ ನಗು ಕೊಟ್ಟಿದ್ದೆ.

ಮತ್ತೆ ಬರೆಯಲು ಕೂತಾಗ ರಾಜನ ಸಾಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಅವನ ಬಳಿ ಇರುವ ತೀರ್ಪು, ನಿರ್ಧಾರ, ಕೊನೆಯ ಮಾತು, ಎಲ್ಲ ಇವಳಿಗೂ ಬಂತು. ಕಳೆದುಕೊಂಡದ್ದನ್ನೂ ಉಳಿಸಿದೆ, ಆದರೆ ಮುಂದೆ ಆಗುವ ಕೇಡಾಗಿ ಅಲ್ಲ, ಅವಳು ಬಲ್ಲ ವಿಷಯವಾಗಿ. ಈಗ ಶೀಟ್‌ನಲ್ಲಿರುವುದು: 'ಕಳೆದುಕೊಂಡು ಬಲ್ಲವಳು. ಅದಕ್ಕೇ ಇವಳ ಮುಂದೆ ನಾಟಕ ನಡೆಯುವುದಿಲ್ಲ. ತೀರ್ಪು ಇವಳದು.' ಚೆಕರ್ ಕೆಂಪಾಯಿತು. ಪ್ರತಿ ರಿಲೀಸ್‌ಗೂ ಎಕ್ಸೆಪ್ಷನ್ ರೈಸ್ ಮಾಡಬೇಕು, ಎರಡು ಅಪ್ರೂವಲ್ ಬೇಕು, ಅದರಲ್ಲೊಬ್ಬರು ಯಾವಾಗಲೂ ರಜೆಯಲ್ಲಿರುತ್ತಾರೆ.

1980ರ ದಶಕದ ಶುರುವಿನಲ್ಲಿ ಬಂದ ಮದರ್‌ಪೀಸ್ ಡೆಕ್ ನೆನಪಾಗುತ್ತದೆ. ವಿಕಿ ನೋಬಲ್, ಕರೆನ್ ವೋಗಲ್ ಎಂಬ ಇಬ್ಬರು ಹೆಂಗಸರು ಮಾಡಿದ್ದು. ಕಾರ್ಡುಗಳನ್ನೇ ಗುಂಡಗೆ ಮಾಡಿಬಿಟ್ಟರು. ನೆಟ್ಟಗೆ, ತಲೆಕೆಳಗೆ ಅನ್ನೋ ಎರಡೇ ಖಾನೆಯ ಲೆಕ್ಕ ಅಲ್ಲಿ ನಡೆಯಲ್ಲ. ಮೀಟಿಂಗ್‌ನಲ್ಲಿ ಇದನ್ನು ಹೇಳಿದೆ. 156 ಸಾಲಿನ ಶೀಟ್ ಏನಾಗಬೇಕು ಅಂತ ಕೇಳಿದರು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಆ ಚಾಚಿದ ಕೈಯ ಚಿತ್ರ ಬರೆದದ್ದು ವೇಟ್ ಅಲ್ಲ, ಪಮೇಲಾ ಕೋಲ್ಮನ್ ಸ್ಮಿತ್. ಬಹಳ ಕಾಲ ಡೆಕ್‌ಗೆ ಇದ್ದದ್ದು ಪ್ರಕಾಶಕರಾದ ರೈಡರ್ ಮತ್ತು ವೇಟ್‌ರ ಹೆಸರು. ದೊಡ್ಡ ಕೆಲಸ, ದುಡ್ಡು ಮಾತ್ರ ತೀರಾ ಕಮ್ಮಿ ಅಂತ 1909ರಲ್ಲಿ ಸ್ಮಿತ್ ಒಂದು ಪತ್ರದಲ್ಲಿ ಬರೆದಿದ್ದರು. ನಮ್ಮ ಅಬೌಟ್ ಪೇಜ್‌ನಲ್ಲಿ ಅವರ ಹೆಸರಿಲ್ಲ. ಅದಕ್ಕೂ ಟಿಕೆಟ್ ಹಾಕಿದ್ದೇನೆ, ಪ್ರಯಾರಿಟಿ ಲೋ.

ಈಗ ನಡೆಯುತ್ತಿರುವುದು ಏಯ್ಟ್ ಆಫ್ ಸ್ವೋರ್ಡ್ಸ್ ಕಾರ್ಡಿನ ಜಗಳ. ಕಟ್ಟಿಹಾಕಿದ ಹೆಣ್ಣು, ಕಣ್ಣಿಗೆ ಪಟ್ಟಿ. ಪಟ್ಟಿ ತೆಗೆದುಬಿಡೋಣ, ನೋಡಲು ಹಿಂಸೆ ಅಂತಾರೆ ಡಿಸೈನರ್. ಅವಳ ಕಾಲು ಕಟ್ಟಿಲ್ಲ, ಮುಂದೆ ದಾರಿಗೆ ಕತ್ತಿ ಅಡ್ಡವಿಲ್ಲ, ಸ್ವತಃ ವೇಟ್ ಕೂಡ ಇದು ಸದ್ಯದ ಸೆರೆ ಮಾತ್ರ ಅಂತ ಬರೆದಿದ್ದಾರೆ, ಚಿತ್ರ ಮುಟ್ಟಬೇಡಿ, ಪಠ್ಯದಲ್ಲಿ ಕಾಲಿನ ಬಗ್ಗೆ ಬರೆಯೋಣ ಎಂದು ಉದ್ದ ಕಾಮೆಂಟ್ ಹಾಕಿದೆ. ಉತ್ತರವಾಗಿ ಒಂದು ಥಂಬ್ಸ್ ಅಪ್ ಬಂದಿದೆ. ನಮ್ಮ ಟೀಮ್‌ನಲ್ಲಿ ಅದಕ್ಕೆ ಏನು ಬೇಕಾದರೂ ಅರ್ಥವಿರಬಹುದು.