ಚಾರ್ಟಿನಲ್ಲಿ ನಾನು ಬರೆದ ‘ವೀಕ್’

ಮಕ್ಕಳ ಹೃದಯ ವಿಭಾಗದಲ್ಲಿ ನರ್ಸ್ ನಾನು. ರಕ್ತನಾಳದ ಮೂಲಕ ಸಣ್ಣ ಕೊಳವೆ ಹಾಯಿಸಿ ಹೃದಯವನ್ನು ನೋಡುವ ಕ್ಯಾಥ್ ಲ್ಯಾಬಿನಿಂದ ಬಂದ ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಬಂದದ್ದು ಎರಡು ತಿಂಗಳೂ ತುಂಬದ, ನಾಲ್ಕು ಕೆ.ಜಿ.ಗಿಂತ ಕಡಿಮೆ ತೂಕದ ಮಗು. ಬಲತೊಡೆಯ ಸಂದಿನ ಅಪಧಮನಿಯಿಂದ ಕ್ಯಾತೆಟರ್, ಅಂದರೆ ಆ ಕೊಳವೆ, ಹಾಕಿದ್ದರು. ಮಗುವನ್ನು ಒಪ್ಪಿಸುವಾಗ ಲ್ಯಾಬಿನವರು, “ಬಲಗಾಲಿನ ಪಲ್ಸ್ ಸ್ವಲ್ಪ ವೀಕ್, ಸ್ಪಾಸ್ಮ್ ಇರಬೇಕು” ಅಂದರು. ರಕ್ತನಾಳ ಬಿಗಿದುಕೊಂಡಿರಬೇಕು ಅಂತ. ನಾನೂ ಚಾರ್ಟಿನಲ್ಲಿ ‘ವೀಕ್’ ಅಂತ ಬರೆದೆ. ಹದಿನೈದು ನಿಮಿಷ ಬಿಟ್ಟು ನೋಡಿ ಮತ್ತೆ ಅದನ್ನೇ ಬರೆದೆ. ಆಮೇಲೂ ಅದನ್ನೇ.

ನಿಜ ಹೇಳಬೇಕೆಂದರೆ, ಮೂರನೇ ಸಲ ಬೆರಳಿಗೆ ಸಿಕ್ಕಿದ್ದು ಮಗುವಿನ ನಾಡಿಯೋ ನನ್ನ ಬೆರಳಿನದೇ ಬಡಿತವೋ ನನಗೇ ಗೊತ್ತಿರಲಿಲ್ಲ. ಮೇಲಿನ ಸಾಲಿನಲ್ಲಿ ‘ವೀಕ್’ ಅಂತ ಇತ್ತು, ನಾನೂ ಅದನ್ನೇ ಇಳಿಸಿದೆ.

ರೌಂಡ್ಸಿಗೆ ಬಂದ ಹಿರಿಯ ಡಾಕ್ಟರು ಹೊದಿಕೆ ಸರಿಸಿ ಎರಡೂ ಪಾದಗಳನ್ನು ಒಟ್ಟಿಗೇ ಹಿಡಿದರು. “ಸಿಸ್ಟರ್, ನೀವೂ ಹಿಡಿದು ನೋಡಿ.” ಎಡಪಾದ ಬೆಚ್ಚಗಿತ್ತು. ಬಲಪಾದ ತಣ್ಣಗೆ, ಬಿಳಚಿಕೊಂಡಿತ್ತು; ಒತ್ತಿ ಬಿಟ್ಟರೆ ಕೆಂಪು ಮರಳಲು ಐದಾರು ಸೆಕೆಂಡು. ರಕ್ತದ ಹರಿವಿನ ಸದ್ದು ಕೇಳಿಸುವ ಕೈ ಡಾಪ್ಲರ್ ಇಟ್ಟಾಗ ಎಡಗಾಲಿನಲ್ಲಿ ಸುಂಯ್ ಸುಂಯ್ ಅಂತ ಸ್ಪಷ್ಟವಾಗಿ ಕೇಳಿತು, ಬಲಗಾಲಿನಲ್ಲಿ ಬರೀ ಗರಗರ. ಮೊದಲು ಸಂದಿನ ಬ್ಯಾಂಡೇಜ್ ಬಿಗಿಯಾಗಿದೆಯೇ ಅಂತ ನೋಡಿದೆವು. ಅದು ಸಡಿಲವಾಗೇ ಇತ್ತು. ಅಲ್ಟ್ರಾಸೌಂಡಿನಲ್ಲಿ ಅಪಧಮನಿಯೊಳಗೆ ಹೆಪ್ಪು ಕಂಡಿತು.

ಸ್ಪಾಸ್ಮ್ ಆಗಿದ್ದರೆ ಕೆಲವು ಗಂಟೆಗಳಲ್ಲಿ ತಾನೇ ಬಿಡುತ್ತದೆ. ಆ ಆಸೆಯೇ ಮೋಸ ಮಾಡುವುದು. ಅಭಿಧಮನಿಯಲ್ಲಿ ಹೆಪ್ಪಾದರೆ ಕಾಲು ಊದಿ ನೀಲಿಗಟ್ಟುತ್ತದೆ, ಕಣ್ಣಿಗೆ ಬೀಳುತ್ತದೆ. ಅಪಧಮನಿಯದು ಹೀಗೆ ಸದ್ದಿಲ್ಲದೆ ಬಿಳಿಚುವುದು.

ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಡ್ರಿಪ್ ಶುರುವಾಯಿತು. ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಗಂಟೆಗೆ ಕೆ.ಜಿ.ಗೆ 28 ಯೂನಿಟ್. ದೊಡ್ಡ ಮಕ್ಕಳಿಗೆ 20. ಚಿಕ್ಕ ಮಗುವಿಗೆ ಯಾಕೆ ಜಾಸ್ತಿ ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಹೆಪಾರಿನ್ ಕೆಲಸ ಮಾಡಲು ಬೇಕಾದ ಆಂಟಿಥ್ರಾಂಬಿನ್ ಕೂಸಿನ ರಕ್ತದಲ್ಲಿ ಕಡಿಮೆ, ಜೊತೆಗೆ ಔಷಧಿಯೂ ಬೇಗ ಮೈಯಿಂದ ಹೋಗುತ್ತದೆ. ಡೋಸ್ ಸಾಕಾಯಿತೇ ಅಂತ ತಿಳಿಯಲು ಆಂಟಿ-ಟೆನ್‌ಎ ಪರೀಕ್ಷೆಗೆ ರಕ್ತ ಕಳಿಸುತ್ತಿದ್ದೆವು, ಗುರಿ 0.35ರಿಂದ 0.7. ಕಾಲಿಗೇ ಅಪಾಯ ಬಂದರೆ ಟಿಪಿಎ ಕೊಟ್ಟು ಹೆಪ್ಪು ಕರಗಿಸಬೇಕಾಗುತ್ತದೆ. ಅದರಲ್ಲಿ ಮೆದುಳಿನ ರಕ್ತಸ್ರಾವದ ಭಯ ಇರುವುದರಿಂದ ತಲೆಯ ಸ್ಕ್ಯಾನ್ ಮುಂಚೆಯೇ ಮಾಡಿಸಿಟ್ಟುಕೊಂಡರು. ಟಿಪಿಎ ಬೇಕಾಗಲಿಲ್ಲ. ಬೆಳಗಿನ ಜಾವಕ್ಕೆ ಬಲಗಾಲಿನಲ್ಲೂ ಸುಂಯ್ ಅಂತ ಕೇಳಿತು. ಡಾಪ್ಲರ್ ಹಿಡಿದ ನನ್ನ ಕೈಯೇ ನಡುಗುತ್ತಿತ್ತು.

ಕೂಸುಗಳಲ್ಲಿ ಅಕ್ಕಪಕ್ಕದ ಸಣ್ಣ ರಕ್ತನಾಳಗಳು ಹೇಗೋ ಕಾಲನ್ನು ಉಳಿಸಿಕೊಳ್ಳುತ್ತವೆ. ಹಾಗಾಗಿ ‘ಏನೂ ಆಗಲ್ಲ ಬಿಡಿ’ ಅನ್ನುವವರಿದ್ದಾರೆ. ಆ ಮಾತು ನನಗೆ ಸೇರುವುದಿಲ್ಲ. ನಾಳ ಮುಚ್ಚಿಯೇ ಉಳಿದರೆ ಮುಂದೆ ಆ ಕಾಲು ಉದ್ದದಲ್ಲಿ ಹಿಂದೆ ಬೀಳಬಹುದು. ಮತ್ತೆ ಕ್ಯಾಥ್ ಬೇಕಾದಾಗ ಆ ದಾರಿಯೂ ಸಿಗದು.

ಈಗ ಮಗು ಲ್ಯಾಬಿಗೆ ಹೋಗುವ ಮುಂಚೆಯೇ ಎರಡೂ ಪಾದಗಳಲ್ಲಿ ಪಲ್ಸ್ ಸಿಗುವ ಜಾಗಕ್ಕೆ ಮಾರ್ಕರಿನಲ್ಲಿ ಪುಟ್ಟ ಗುರುತು ಹಾಕುತ್ತೇನೆ. ಬಂದ ಮೇಲೆ ಆಕ್ಸಿಮೀಟರಿನ ಪ್ರೋಬ್ ಕ್ಯಾಥ್ ಆದ ಕಾಲಿಗೇ. ‘ವೀಕ್’ ಅಂತ ಬರೆಯುವುದು ಬಿಟ್ಟಿದ್ದೇನೆ: ‘ಡಾಪ್ಲರಿನಲ್ಲಿ ಕೇಳಿತು’, ಇಲ್ಲವೇ ‘ಕೇಳಲಿಲ್ಲ, ಡಾಕ್ಟರಿಗೆ ಇಷ್ಟು ಗಂಟೆಗೆ ತಿಳಿಸಿದೆ’. ಪಾದದ ಗುರುತು ನೋಡಿದ ಅಮ್ಮಂದಿರು, “ಇದೇನು ಸಿಸ್ಟರ್, ದೃಷ್ಟಿಬೊಟ್ಟಾ?” ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ.