ಪಾಲಾದ ದಿನದ ಒಂದು ಮಾತು

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಇಂಗ್ಲಿಷ್ ವಿಭಾಗಕ್ಕೆ ನಾನು ಸೇರಿದ್ದು 2011ರಲ್ಲಿ. ಹುಣಸೂರಿನ ಹತ್ತಿರದ ಒಂದು ಹಳ್ಳಿಯಿಂದ ಬಂದವಳು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್, ಅಂದರೆ ಸೊಪ್ಪು ಒಣಗಿಸುವ ಮನೆಯ ಮುಂದೆ ರಾತ್ರಿಯೆಲ್ಲಾ ಬೆಂಕಿ ಕಾಯಬೇಕು. ಡಿಗ್ರಿಯ ಪುಸ್ತಕಗಳನ್ನು ನಾನು ಜಾಸ್ತಿ ಓದಿದ್ದು ಆ ಬೆಂಕಿಯ ಪಕ್ಕದಲ್ಲೇ. ಹಾಗಾಗಿ ಹಾಸ್ಟೆಲ್‌ನಲ್ಲಿ ನನ್ನದೇ ಒಂದು ಮಂಚ, ಒಂದು ಮೇಜು ಸಿಕ್ಕಾಗ ಮೊದಲ ವಾರ ಸರಿಯಾಗಿ ನಿದ್ದೆಯೇ ಬರಲಿಲ್ಲ. ಅಷ್ಟು ಖುಷಿ.

ಬೆಳಿಗ್ಗೆ ಆರಕ್ಕೆ ಎದ್ದು ಕುಕ್ಕರಹಳ್ಳಿ ಕೆರೆ ಏರಿಗೆ ಹೋಗುತ್ತಿದ್ದೆವು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ಆ ಹೊತ್ತಿಗೆ ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿರುತ್ತಿದ್ದವು. ನೀರುಕಾಗೆಗಳು ಕೊಂಬೆಯ ಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಿದ್ದವು. ಕುವೆಂಪು ಅವರು ದಿನವೂ ನಡೆದಾಡಿದ ದಾರಿ ಇದು ಅಂತ ಸೀನಿಯರ್ ಅಕ್ಕ ಒಬ್ಬರು ಮೊದಲ ದಿನವೇ ಹೇಳಿದ್ದರು. ವಾಪಸ್ ಬಂದರೆ ಮೆಸ್ಸಿನಲ್ಲಿ ಚಿತ್ರಾನ್ನವೋ ಉಪ್ಪಿಟ್ಟೋ. ಆಮೇಲೆ ಕ್ಲಾಸು, ಮಧ್ಯಾಹ್ನ ಲೈಬ್ರರಿ, ಸಂಜೆ ಕ್ಯಾಂಟೀನ್ ಕಾಫಿ. ದುಡ್ಡಿದ್ದ ತಿಂಗಳು ರಂಗಾಯಣದಲ್ಲಿ ಒಂದು ನಾಟಕ. ನಾಟಕ ಮುಗಿಯುವಷ್ಟರಲ್ಲಿ ಹಾಸ್ಟೆಲ್ ಗೇಟ್ ಹಾಕುವ ಹೊತ್ತಾಗುತ್ತಿತ್ತು. ಕಲಾಮಂದಿರದ ಕಡೆಯಿಂದ ಓಡೋಡಿ ಬರುತ್ತಾ, ಏದುಸಿರಿನಲ್ಲೇ ನಾಟಕದ ಬಗ್ಗೆ ಜಗಳ ಆಡುತ್ತಿದ್ದೆವು.

ಆದರೆ ಆ ಎರಡು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾಗಿದ್ದು ಒಂದು ನೋಟ್‌ಬುಕ್. ಇನ್ನೂರು ಪುಟದ ಸಾದಾ ನೋಟ್‌ಬುಕ್. ನಾವು ಐದು ಜನ ಹುಡುಗಿಯರು ಅದನ್ನು ರೂಮಿಂದ ರೂಮಿಗೆ ದಾಟಿಸುತ್ತಿದ್ದೆವು. ಸರದಿ ಬಂದವರು ಏನಾದರೂ ಬರೆಯಲೇಬೇಕು. ಪದ್ಯವಾದರೂ ಸರಿ, ಕಥೆಯಾದರೂ ಸರಿ, ಅಮ್ಮನಿಗೆ ಕಳಿಸದ ಕಾಗದವಾದರೂ ಸರಿ. ಓದಿದವರು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು: "ಇಲ್ಲಿ ನಿಲ್ಲಿಸಬಹುದಿತ್ತು", "ಈ ಸಾಲು ಸುಳ್ಳು", "ಇವಳು ಯಾಕೆ ಅಳ್ತಾಳೆ?" ಮುಂದೆ ನಾನು ದೂರದ ದೇಶದಲ್ಲಿ ದೊಡ್ಡ ಫೀಸು ಕಟ್ಟಿ ಕೂತ ತರಗತಿಯಲ್ಲೂ ಹೆಚ್ಚುಕಮ್ಮಿ ಇದನ್ನೇ ಮಾಡಿದೆವು.

ಇಂಗ್ಲಿಷ್ ಎಂ.ಎ. ಓದುತ್ತಾ ಕನ್ನಡದಲ್ಲಿ ಬರೆಯುವುದಕ್ಕೆ ನನಗೆ ಮೊದಮೊದಲು ಸಂಕೋಚ ಇತ್ತು. ಅದನ್ನು ಕಳೆದವರು ನಮ್ಮ ಮೇಷ್ಟ್ರು. "ಇಂಗ್ಲಿಷ್ ಪಾಠ ಮಾಡ್ತಿದ್ದ ಬಿ.ಎಂ.ಶ್ರೀ ತಾನೇ 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟದ್ದು? ಇದೇ ವಿಭಾಗದಲ್ಲಿ ಪಾಠ ಮಾಡಿದ ಅನಂತಮೂರ್ತಿ ಬರ್ಮಿಂಗ್‌ಹ್ಯಾಂನಲ್ಲಿ ಕೂತು 'ಸಂಸ್ಕಾರ' ಬರೆದದ್ದು ಕನ್ನಡದಲ್ಲೇ ಅಲ್ವಾ? ನೀನು ಸುಮ್ನೆ ಬರಿ ತಾಯಿ" ಅಂದರು. ಆಮೇಲೆ ನನ್ನ ನೋಟ್‌ಬುಕ್ ಕಥೆಗಳನ್ನು ಅವರೂ ಓದತೊಡಗಿದರು.

ಆಗ ಬರೆದ ಕಥೆಗಳಲ್ಲಿ ಒಂದು ನಮ್ಮ ಮನೆಯದೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಪಾಲಾದರು. ಆ ದಿನ ನನ್ನನ್ನೂ ತಮ್ಮನನ್ನೂ ಅಜ್ಜಿ ಮನೆಗೆ ಕಳಿಸಿದ್ದರು. ಹಾಗಾಗಿ ನಾನು ಏನನ್ನೂ ನೋಡಲಿಲ್ಲ. ಅವ್ವ ಹೇಳಿದ್ದು ಒಂದೇ ಮಾತು: "ಅವತ್ತಿಂದ ನಿನ್ ಚಿಕ್ಕಪ್ಪ ನಿಮ್ಮಪ್ಪಂಗೆ 'ನೀವು' ಅಂತಾನೆ." ಹುಟ್ಟಿದಾಗಿನಿಂದ "ಅಣ್ಣ, ನೀನು" ಅಂತಿದ್ದವರು. ಊರವರ ಮುಂದೆ ಹೊಲ, ಮನೆ, ಬ್ಯಾರನ್, ಎತ್ತು ಎಲ್ಲಾ ಹಂಚಿಕೊಂಡ ಮೇಲೆ "ನೀವು ತಗೊಳ್ಳಿ" ಅಂದರಂತೆ. ಹೊರಗಿನವರಿಗೆ ಅದು ಮರ್ಯಾದೆ ಅನಿಸಬಹುದು. ಅಪ್ಪನಿಗೆ ಅದೆಷ್ಟು ದೂರದ ಮಾತು ಅಂತ ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕಥೆ ನಿಂತಿದ್ದೇ ಆ ಒಂದು ಮಾತಿನ ಮೇಲೆ.

ಹೊರದೇಶದಲ್ಲಿ ಓದುವ ಆಸೆ ಹುಟ್ಟಿದ್ದು ಎರಡನೇ ವರ್ಷ. ಕಥೆ ಬರೆಯುವುದನ್ನೇ ಒಂದು ವಿಷಯವಾಗಿ ಕಲಿಸುವ ಕೋರ್ಸುಗಳಿವೆ, ಅಮೆರಿಕದ ಅಯೋವಾದಲ್ಲಿ 1936ರಿಂದ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 1970ರಿಂದ ನಡೆಯುತ್ತಿವೆ ಅಂತ ಲೈಬ್ರರಿಯಲ್ಲಿ ಓದಿ ತಿಳಿದುಕೊಂಡೆ. ಅರ್ಜಿಗೆ ಬೇಕಾಗಿದ್ದ ಕಾಗದಪತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿಕೊಂಡಿದ್ದೆ. ಅಂಕಪಟ್ಟಿ, ಮೇಷ್ಟ್ರುಗಳಿಂದ ಎರಡು ಶಿಫಾರಸು ಪತ್ರ, ಯಾಕೆ ಓದಬೇಕು ಅಂತ ನಾವೇ ಬರೆಯುವ ಪತ್ರ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ. ಆ ಪರೀಕ್ಷೆಗೆ ಬೆಂಗಳೂರಿಗೆ ಹೋದಾಗ ಮಾತಿನ ಭಾಗಕ್ಕೆ ಹೆದರಿದ್ದೆ. ಪರೀಕ್ಷೆ ಮಾಡುವವರ ಎದುರು ಕೂತು ಹನ್ನೊಂದರಿಂದ ಹದಿನಾಲ್ಕು ನಿಮಿಷ ಮಾತಾಡಬೇಕು, ಅಷ್ಟೇ. ನಾನು ಹೊಗೆಸೊಪ್ಪು ಹದ ಮಾಡುವುದು ಹೇಗೆ ಅಂತ ಹೇಳಿದೆ. ಗೊತ್ತಿರುವುದನ್ನು ಹೇಳುವಾಗ ಭಾಷೆ ತಾನಾಗಿ ಬರುತ್ತದೆ.

ನಿಜವಾದ ಕಷ್ಟ ಇದ್ದದ್ದು ಬರವಣಿಗೆಯ ಮಾದರಿ ಕಳಿಸುವುದರಲ್ಲಿ. ಅದು ಇಂಗ್ಲಿಷಿನಲ್ಲೇ ಇರಬೇಕು. ನನ್ನ ಪಾಲಿನ ಕಥೆಯನ್ನು ನಾನೇ ಇಂಗ್ಲಿಷಿಗೆ ತರಲು ಕೂತೆ. ಹೊಲ, ಬದು, ಬ್ಯಾರನ್ ಎಲ್ಲಾ ಹೇಗೋ ಬಂದವು. ಆ ಒಂದು ಮಾತು ಮಾತ್ರ ಬರಲಿಲ್ಲ. ಇಂಗ್ಲಿಷಿನಲ್ಲಿ ನೀನು ಅಂದರೂ "ಯು", ನೀವು ಅಂದರೂ "ಯು". "ಸರ್" ಸೇರಿಸಿ ನೋಡಿದೆ, ಆಫೀಸಿನ ಮಾತಾಯಿತು. ಅಣ್ಣ ಅನ್ನುವ ಬದಲು ಹೆಸರು ಹಿಡಿದು ಕರೆಸಿದೆ, ಬರೀ ಸಿಟ್ಟಾಯಿತು. ಕೊನೆಗೆ "ಅವನು ಗೌರವದ ಮಾತು ಬಳಸಿದ" ಅಂತ ವಿವರಣೆ ಕೊಟ್ಟು ಮುಗಿಸಿದೆ. ನೋಟ್‌ಬುಕ್ ಗೆಳತಿ ಅಂಚಿನಲ್ಲಿ ಬರೆದಳು: "ಇಲ್ಲಿ ಕಥೆ ಸತ್ತುಹೋಯ್ತು." ಅವಳು ಹೇಳಿದ್ದು ಸರಿಯಾಗಿತ್ತು. ಆ ವರ್ಷ ನಾನು ಅರ್ಜಿ ಹಾಕಿದ ಕಡೆ ಸೀಟು ಸಿಗಲಿಲ್ಲ.

ಮುಂದಿನ ಒಂದು ವರ್ಷ ಹುಣಸೂರಿನಲ್ಲಿ ಪಾಠ ಮಾಡುತ್ತಾ ಕಳೆದೆ. ಆಗ ನನ್ನ ಯೋಚನೆ ಬದಲಾಯಿತು. ನನಗೆ ಬೇಕಾಗಿದ್ದು ಇಂಗ್ಲಿಷಿನಲ್ಲಿ ಕಥೆ ಬರೆಯುವುದಲ್ಲ. ಕನ್ನಡದಲ್ಲಿ ಬರೆದದ್ದು ಸಾಯದ ಹಾಗೆ ಆಚೆ ದಡಕ್ಕೆ ಮುಟ್ಟಿಸುವುದು ಹೇಗೆ ಅನ್ನುವುದು ಬೇಕಾಗಿತ್ತು. ನಾರ್ವಿಚ್‌ನ ಅದೇ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಅನುವಾದದ ಎಂ.ಎ. ಇದೆ. ಜರ್ಮನ್ ಲೇಖಕ ಝೇಬಾಲ್ಡ್ 1989ರಲ್ಲಿ ಶುರು ಮಾಡಿದ ಅನುವಾದ ಕೇಂದ್ರವೂ ಅಲ್ಲೇ ಇದೆ. 2014ಕ್ಕೆ ಅದಕ್ಕೆ ಅರ್ಜಿ ಹಾಕಿದೆ. ಈ ಸಲ ಕರೆ ಬಂತು.

ಆಗ ಒಂದು ಪೌಂಡ್ ಸುಮಾರು 100 ರೂಪಾಯಿ. ಓದು ಮುಗಿದ ಮೇಲೆ ಅಲ್ಲೇ ಎರಡು ವರ್ಷ ಕೆಲಸ ಮಾಡಲು ಇದ್ದ ವೀಸಾವನ್ನೂ 2012ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದರು. ಸಾಲ ತೀರಿಸುವುದು ಹೇಗೆ ಅಂತ ಅಪ್ಪ ರಾತ್ರಿಯೆಲ್ಲಾ ಲೆಕ್ಕ ಹಾಕುತ್ತಿದ್ದರು. ವೀಸಾಕ್ಕೆ ತೋರಿಸುವ ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನವೂ ಕಡಿಮೆಯಾಗಬಾರದು. ಸೊಪ್ಪು ಹರಾಜಾಗಿ ದುಡ್ಡು ಬರುವುದೇ ದಸರಾ ಹೊತ್ತಿಗೆ. ಬ್ಯಾಂಕಿನವರು ಹೊಲ ಅಡಮಾನಕ್ಕೆ ಆಗುವುದಿಲ್ಲ ಅಂದರು.

ಆಗ ಚಿಕ್ಕಪ್ಪ ಬಂದರು. ಹುಣಸೂರು ಪೇಟೆಯಲ್ಲಿ ಅವರದೊಂದು ಸೈಟಿತ್ತು. ಯಾರೂ ಕೇಳಿರಲಿಲ್ಲ. ಅವ್ವ ಎಲ್ಲೋ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು. ಪತ್ರದ ಕವರ್ ಹಿಡಿದುಕೊಂಡು ನಮ್ಮ ಜೊತೆ ಬ್ಯಾಂಕಿಗೆ ಬಂದು ತೋರಿಸಿದ ಕಡೆಯೆಲ್ಲಾ ಸಹಿ ಹಾಕಿದರು. ಹೊರಗೆ ಬಂದು ಅಪ್ಪನಿಗೆ ಅಂದರು: "ನೀವೇನೂ ಯೋಚ್ನೆ ಮಾಡ್ಬೇಡಿ ಅಣ್ಣ." ಇನ್ನೂ ನೀವು. ಅಪ್ಪ ತಲೆ ಆಡಿಸಿದರು. ನಾನು ಬೇರೆ ಕಡೆ ನೋಡಿದೆ.

ಹೊರಡುವ ಸಿದ್ಧತೆಯಲ್ಲಿದ್ದಾಗ, ಆಗಸ್ಟ್ 22ರಂದು, ಅನಂತಮೂರ್ತಿಯವರು ತೀರಿಕೊಂಡ ಸುದ್ದಿ ಬಂತು. ಮೇಷ್ಟ್ರಿಗೆ ಫೋನ್ ಮಾಡಿದೆ. ಇಬ್ಬರಿಗೂ ಜಾಸ್ತಿ ಮಾತಾಡಲು ಆಗಲಿಲ್ಲ. "ಕನ್ನಡದ ನೋಟ್‌ಬುಕ್ ಒಂದು ಇಟ್ಕೊಂಡು ಹೋಗು" ಅಂದರು.

ನಾರ್ವಿಚ್ ಕ್ಯಾಂಪಸ್ಸಿನಲ್ಲೂ ಒಂದು ಕೆರೆ ಇದೆ. ಅದರ ಸುತ್ತ ನಡೆಯುತ್ತಾ ಕುಕ್ಕರಹಳ್ಳಿಯನ್ನು ನೆನೆಸಿಕೊಳ್ಳದ ದಿನವಿಲ್ಲ. ನವೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ತರಗತಿಯಲ್ಲಿ ಮೇಜಿನ ಸುತ್ತ ಬೇರೆ ಬೇರೆ ಭಾಷೆಯವರು ಕೂರುತ್ತಿದ್ದೆವು. ನನ್ನ ಸರದಿಗೆ ಅದೇ ಪಾಲಿನ ಕಥೆ ಕೊಟ್ಟೆ. ಅಣ್ಣ ಯಾಕೆ ಅಳುತ್ತಾನೆ ಅಂತ ಇಂಗ್ಲಿಷರ ಹುಡುಗಿ ಕೇಳಿದಳು. ನಾನು ನೀನು ಮತ್ತು ನೀವು ವಿವರಿಸತೊಡಗಿದೆ. ಅರ್ಧ ಹೇಳುವಷ್ಟರಲ್ಲೇ ಫ್ರೆಂಚ್ ಗೆಳತಿ ಕಣ್ಣು ಅಗಲಿಸಿ "ಓ!" ಅಂದಳು. ಅವರಲ್ಲೂ "ತು" ಮತ್ತು "ವು" ಅಂತ ಎರಡಿವೆ. ಅವಳಿಗೆ ಹೊಟ್ಟೆಯೊಳಗೇ ತಿಳಿಯಿತು. ಆದರೆ ಇಂಗ್ಲಿಷಿನಲ್ಲಿ ಏನು ಮಾಡುವುದು? ಮಾತು ಇಲ್ಲದಿದ್ದರೆ ಅದನ್ನು ಮೈಯಿಂದ ಹೇಳಿಸು ಅಂದರು ನಮ್ಮ ಅಧ್ಯಾಪಕಿ.

ಒಂದು ವಾರ ಅದೇ ಯೋಚನೆಯಲ್ಲಿದ್ದೆ. ಕೊನೆಗೆ ಹೀಗೆ ಬರೆದೆ: ಪಾಲಾದ ಸಂಜೆ ತಮ್ಮ ಏನೋ ಕೊಡಲು ಮನೆಗೆ ಬರುತ್ತಾನೆ. ತಾನು ಹುಟ್ಟಿ ಬೆಳೆದ ಮನೆ. ಹೊಸಿಲು ದಾಟುವುದಿಲ್ಲ. ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು, ಒಳಗೆ ಬರಬಹುದಾ ಅಂತ ಕೇಳುತ್ತಾನೆ. ಈ ಸಲ ಮೇಜಿನ ಸುತ್ತ ಯಾರೂ ಏನೂ ಕೇಳಲಿಲ್ಲ.

ಆ ಭಾನುವಾರ ಊರಿಗೆ ಫೋನ್ ಮಾಡಿದೆ. ಅಪ್ಪ ಸಿಕ್ಕರು. ಕಥೆಯ ಬಗ್ಗೆ ಅವರ ಹತ್ತಿರ ನಾನು ಯಾವತ್ತೂ ಮಾತಾಡಿರಲಿಲ್ಲ. ಆ ದಿನ ಹೇಳಿದೆ, ಬಾಗಿಲ ವಿಷಯವನ್ನೂ ಹೇಳಿದೆ. ನಾನೇ ಕಲ್ಪಿಸಿ ಬರೆದದ್ದು ಅಪ್ಪ, ಬೇಜಾರು ಮಾಡ್ಕೋಬೇಡಿ ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಅವ್ವ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದರು:

"ಹಂಗೇ ಆಗಿತ್ತು ಮಗಾ. ಬಾಗ್ಲಲ್ಲೇ ನಿಂತಿದ್ದ. ನಾನು ಬಾ ಅನ್ನಲಿಲ್ಲ."